ಲಂಡನ್ನಿನಲ್ಲಿ ಇತಿಹಾಸಕ್ಕೆ ಬೆಲೆ, ದಂಡಿನಲ್ಲಿ ಪರವಾನಗಿಗೆ ಬೆಲೆ

ಟಿಪ್ಪು ಸುಲ್ತಾನನಿಗಾಗಿ ತಯಾರಾಗಿದ್ದ ಬೆಳ್ಳಿ ಕಟ್ಟಿನ ಒಂದು ಜೊತೆ ಪಿಸ್ತೂಲುಗಳು 2025ರ ಅಕ್ಟೋಬರಿನಲ್ಲಿ ಲಂಡನ್ನಿನ ಸದಬೀಸ್ ಹರಾಜಿನಲ್ಲಿ ಸುಮಾರು 11 ಲಕ್ಷ ಪೌಂಡಿಗೆ ಮಾರಾಟವಾದವು. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 13 ಕೋಟಿ ರೂಪಾಯಿ. ಮಾರಾಟಕ್ಕೆ ಮುನ್ನ ಪ್ರಕಟಿಸಿದ್ದ ಅಂದಾಜು ಬೆಲೆಗಿಂತ ಇದು ಹಲವು ಪಟ್ಟು ಹೆಚ್ಚು. ಸುದ್ದಿ ಬೆಂಗಳೂರಿಗೆ ತಲುಪಲು ಒಂದು ದಿನವೂ ಬೇಕಾಗಲಿಲ್ಲ. ಶಿವಾಜಿನಗರದ ಹಳೆಯ ಸಾಮಾನಿನ ಅಂಗಡಿಗಳಿಂದ ಹಿಡಿದು ಇಂದಿರಾನಗರದ ಡಿಫೆನ್ಸ್ ಕಾಲೋನಿಯ ನಿವೃತ್ತ ಸೇನಾಧಿಕಾರಿಗಳ ಮನೆಗಳವರೆಗೆ, ಅಜ್ಜನ ಕಾಲದ ಕೋವಿಯೊಂದನ್ನು ಇಟ್ಟುಕೊಂಡಿರುವ ಯಾರಿಗೇ ಆಗಲಿ ಇಂಥ ಸುದ್ದಿ ಒಂದು ಪ್ರಶ್ನೆಯನ್ನು ಹುಟ್ಟಿಸುತ್ತದೆ: ಹಾಗಾದರೆ ನಮ್ಮ ಮನೆಯ ಕೋವಿಗೆ ಎಷ್ಟು ಬಂದೀತು?

ಪ್ರಶ್ನೆ ಸಹಜವಾದದ್ದು, ಆದರೆ ಉತ್ತರ ಹುಡುಕುವ ದಾರಿಯಲ್ಲಿ ಅಪಾಯವಿದೆ. ಅಂತರ್ಜಾಲದಲ್ಲಿ ಕಾಣುವ ಹರಾಜಿನ ಬೆಲೆ ಬೆಂಗಳೂರಿನ ಬೆಲೆಯಲ್ಲ. ಅಷ್ಟೇ ಅಲ್ಲ, ಎರಡೂ ಬೆಲೆಗಳು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಸಾಗುತ್ತವೆ. ಲಂಡನ್ನಿನಲ್ಲಿ ಕೋಟಿ ಮುಟ್ಟುವ ಬಗೆಯ ಕೋವಿಗೆ ಇಲ್ಲಿ ಬಹಿರಂಗ ಮಾರುಕಟ್ಟೆಯೇ ಇಲ್ಲ. ಅಲ್ಲಿ ಯಾರೂ ಹೆಚ್ಚು ಆಸಕ್ತಿ ತೋರದ ಸಾಧಾರಣ ವಿದೇಶಿ ಪಿಸ್ತೂಲಿಗೆ ಇಲ್ಲಿ ಲಕ್ಷಗಟ್ಟಲೆ ಕೊಡುವವರಿದ್ದಾರೆ. ಈ ವೈಪರೀತ್ಯ ಹೇಗೆ ಉಂಟಾಯಿತೆಂಬುದನ್ನು ಅರಿಯದಿದ್ದರೆ ಹಣ ಕಳೆದುಕೊಳ್ಳುವ, ಕೆಲವೊಮ್ಮೆ ಜೈಲನ್ನೂ ಕಾಣುವ ಸಂಭವವಿದೆ.

ಒಂದೇ ಒಡೆಯ, ಹತ್ತು ಬೆಲೆ

ಮೊದಲು ಅಂಕಿಗಳನ್ನು ಒಂದೆಡೆ ಇಟ್ಟು ನೋಡೋಣ. 2015ರ ಏಪ್ರಿಲಿನಲ್ಲಿ ಬೋನ್‌ಹ್ಯಾಮ್ಸ್ ಸಂಸ್ಥೆ ಬ್ರಿಟಿಷ್ ಸಂಗ್ರಾಹಕ ರಾಬಿನ್ ವಿಗಿಂಗ್‌ಟನ್ ಅವರ ಸಂಗ್ರಹದಲ್ಲಿದ್ದ ಟಿಪ್ಪು ಕಾಲದ 30 ವಸ್ತುಗಳನ್ನು ಹರಾಜು ಹಾಕಿತು. ಒಟ್ಟು 60 ಲಕ್ಷ ಪೌಂಡಿಗೂ ಹೆಚ್ಚು ಹಣ ಹುಟ್ಟಿತು. ಅದರಲ್ಲಿ ಬೆಳ್ಳಿ ಕಟ್ಟಿನ ಒಂದು ಬೇಟೆಕೋವಿ 7.22 ಲಕ್ಷ ಪೌಂಡಿಗೂ, ಕಂಚಿನ ಒಂದು ಸಣ್ಣ ಫಿರಂಗಿ 14 ಲಕ್ಷ ಪೌಂಡಿಗೂ ಹೆಚ್ಚಿನ ಬೆಲೆಗೆ ಹೋದವು. ನಾಲ್ಕು ವರ್ಷಗಳ ಬಳಿಕ, 2019ರ ಮಾರ್ಚಿನಲ್ಲಿ, ಇಂಗ್ಲೆಂಡಿನ ಮನೆಯೊಂದರ ಅಟ್ಟದ ಮೇಲೆ ಸಿಕ್ಕ ಟಿಪ್ಪು ಆಯುಧಗಳನ್ನು ಆಂಟನಿ ಕ್ರಿಬ್ ಎಂಬ ಸಣ್ಣ ಹರಾಜು ಸಂಸ್ಥೆ ಮಾರಿತು. ಈಸ್ಟ್ ಇಂಡಿಯಾ ಕಂಪನಿಯ ಮೇಜರ್ ಥಾಮಸ್ ಹಾರ್ಟ್ ಶ್ರೀರಂಗಪಟ್ಟಣದಿಂದ ಒಯ್ದ ವಸ್ತುಗಳವು. ಅದರಲ್ಲಿದ್ದ ಬೆಳ್ಳಿ ಕಟ್ಟಿನ ಕೋವಿಗೆ ಸಿಕ್ಕಿದ್ದು 60 ಸಾವಿರ ಪೌಂಡು.

ಎರಡೂ ಟಿಪ್ಪು ಕಾಲದ ಕೋವಿಗಳೇ. ಎರಡಕ್ಕೂ ಬೆಳ್ಳಿಯ ಕಟ್ಟು, ಎರಡಕ್ಕೂ ಚಕಮಕಿ ಕಲ್ಲಿನ ಬೀಗ. ಆದರೂ ಬೆಲೆಯಲ್ಲಿ ಹನ್ನೆರಡು ಪಟ್ಟು ವ್ಯತ್ಯಾಸ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ವಿಗಿಂಗ್‌ಟನ್ ಕೇವಲ ಸಂಗ್ರಾಹಕರಾಗಿರಲಿಲ್ಲ. ಟಿಪ್ಪುವಿನ ಬಂದೂಕುಗಳ ಕುರಿತು 1992ರಲ್ಲಿ ಗ್ರಂಥವನ್ನೇ ಪ್ರಕಟಿಸಿದವರು. ಯಾವ ಕೋವಿ ಪಟ್ಟಣದಲ್ಲಿ ತಯಾರಾಯಿತು, ಯಾವುದು ಬೆಂಗಳೂರಿನಲ್ಲಿ, ಯಾವುದು ನಗರದಲ್ಲಿ, ಯಾವ ಕಮ್ಮಾರನ ಹೆಸರು ನಳಿಗೆಯ ಮೇಲಿದೆ ಎಂಬುದನ್ನೆಲ್ಲ ಅಂಥ ಅಧ್ಯಯನಗಳು ದಾಖಲಿಸಿವೆ. ಅವರ ಸಂಗ್ರಹವನ್ನು ಕೊಂಡವರು ಕಬ್ಬಿಣ ಮತ್ತು ಬೆಳ್ಳಿಗೆ ಮಾತ್ರ ಹಣ ಕೊಡಲಿಲ್ಲ. ಆ ವಸ್ತುವಿನ ಬೆನ್ನಿಗಿದ್ದ ದಾಖಲೆಗೆ, ಅಧ್ಯಯನಕ್ಕೆ, ಸಂಶಯವಿಲ್ಲದ ಪೂರ್ವಚರಿತ್ರೆಗೆ ಕೊಟ್ಟರು. 2019ರ ಮಾರಾಟಕ್ಕಾದರೋ ವಿವಾದದ ನೆರಳಿತ್ತು. ವಸ್ತುಗಳನ್ನು ಭಾರತಕ್ಕೆ ಮರಳಿಸಬೇಕೆಂಬ ಕೂಗೆದ್ದಿತ್ತು, ಭಾರತೀಯ ಹೈಕಮಿಷನ್ನೂ ಮಧ್ಯೆ ಪ್ರವೇಶಿಸಿತ್ತು. ನಾಳೆ ಹಕ್ಕಿನ ಪ್ರಶ್ನೆ ಎದ್ದೀತೆಂಬ ಅಳುಕಿರುವಲ್ಲಿ ಹರಾಜಿನ ಕೂಗು ಸಹಜವಾಗಿಯೇ ತಗ್ಗುತ್ತದೆ.

ಖಡ್ಗಗಳ ಕಥೆಯೂ ಇದೇ. 2023ರ ಮೇ ತಿಂಗಳಲ್ಲಿ ಟಿಪ್ಪುವಿನ ಶಯನಗೃಹದ ಖಡ್ಗವೆಂದು ಹೆಸರಾದ ಕತ್ತಿ ಬೋನ್‌ಹ್ಯಾಮ್ಸ್‌ನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಮಾರಾಟವಾಯಿತು. ಅಂದಾಜಿಸಿದ್ದು 15ರಿಂದ 20 ಲಕ್ಷ ಪೌಂಡು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹಾಕಿದ ಸೈನ್ಯದ ಮುಂದಾಳು ಡೇವಿಡ್ ಬೇರ್ಡ್‌ಗೆ ಕಾಣಿಕೆಯಾಗಿ ಸಂದ ಕತ್ತಿ ಅದು. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ ಕ್ರಿಸ್ಟೀಸ್ ಸಂಸ್ಥೆ ಅಷ್ಟೇ ಅಂದಾಜು ಬೆಲೆಗೆ ಹರಾಜಿಗಿಟ್ಟ ಟಿಪ್ಪುವಿನ ಮತ್ತೊಂದು ಖಡ್ಗವನ್ನು ಕೊಳ್ಳುವವರೇ ಇರಲಿಲ್ಲ. 2024ರ ನವೆಂಬರಿನಲ್ಲಿ ಬೋನ್‌ಹ್ಯಾಮ್ಸ್‌ನಲ್ಲಿ ಇನ್ನೊಂದು ಕತ್ತಿ 3.17 ಲಕ್ಷ ಪೌಂಡಿಗೆ ಹೋಯಿತು. ಒಂದೂವರೆ ವರ್ಷದೊಳಗೆ ಒಂದೇ ಹೆಸರಿನ ಮೂರು ಖಡ್ಗ, ಮೂರು ಬಗೆಯ ಫಲಿತಾಂಶ. ಜನರ ನೆನಪಿನಲ್ಲಿ ಉಳಿದದ್ದು ಮಾತ್ರ ಮೊದಲನೆಯದು.

ಪರದೆಯ ಮೇಲಿನ ಸವಾಲು

ಹಿಂದೆ ಹರಾಜೆಂದರೆ ಒಂದು ಕೋಣೆ, ಕೆಲವೇ ಮಂದಿ ಬಲ್ಲವರು, ಒಂದು ಮುದ್ರಿತ ಪಟ್ಟಿ. ಅಂತರ್ಜಾಲ ಈ ಕೋಣೆಯ ಗೋಡೆಗಳನ್ನು ಕೆಡವಿತು. 1999ರಲ್ಲಿ ಅಮೆರಿಕದಲ್ಲಿ ಆರಂಭವಾದ ಗನ್‌ಬ್ರೋಕರ್ ತಾಣ ಬಂದೂಕುಗಳ ಹರಾಜು ಕಟ್ಟೆ. ಲಂಡನ್ನಿನ ದೊಡ್ಡ ಸಂಸ್ಥೆಗಳು ಕೂಡ ಈಗ ಕೋಣೆಯಲ್ಲಿ ಕುಳಿತವರು, ದೂರವಾಣಿಯಲ್ಲಿರುವವರು ಮತ್ತು ಕಂಪ್ಯೂಟರಿನ ಮುಂದಿರುವವರು ಈ ಮೂವರಿಂದಲೂ ಏಕಕಾಲಕ್ಕೆ ಸವಾಲು ಸ್ವೀಕರಿಸುತ್ತವೆ. ಸವಾಲು ಹಾಕುವವರು ಹೆಚ್ಚಿದಷ್ಟೂ ಅಪರೂಪದ ವಸ್ತುವಿನ ಬೆಲೆ ಏರುತ್ತದೆ. ಏಕೆಂದರೆ ಅಂತಿಮ ಬೆಲೆಯನ್ನು ನಿರ್ಧರಿಸುವುದು ಸರಾಸರಿ ಗಿರಾಕಿಯಲ್ಲ, ಕೊನೆಯವರೆಗೆ ಪಟ್ಟು ಹಿಡಿಯುವ ಇಬ್ಬರು. ಒಬ್ಬನೇ ಉಳಿದರೆ ಮೀಸಲು ಬೆಲೆಯೇ ಬೆಲೆ. ಎರಡನೆಯವನೂ ಹಟ ತೊಟ್ಟರೆ ಆಕಾಶವೇ ಮಿತಿ.

ಸಾಮಾನ್ಯ ವಸ್ತುವಿನ ವಿಷಯದಲ್ಲಿ ಪರಿಣಾಮ ತದ್ವಿರುದ್ಧ. ಸಾವಿರಾರು ಸಂಖ್ಯೆಯಲ್ಲಿ ತಯಾರಾದ ಸೈನಿಕ ಬಂದೂಕನ್ನು ಅಪರೂಪದ್ದೆಂದು ನಂಬಿಸುವುದು ಹಿಂದೆ ಸುಲಭವಾಗಿತ್ತು. ಈಗ ಅಂಥದೇ ಇಪ್ಪತ್ತು ಬಂದೂಕುಗಳು ಪರದೆಯ ಮೇಲೆ ಸಾಲಾಗಿ ಕಾಣುತ್ತವೆ. ಹೀಗಾಗಿ ಅಂತರ್ಜಾಲದ ಹರಾಜು ಮೇಲಿನದನ್ನು ಇನ್ನೂ ಮೇಲಕ್ಕೊಯ್ದಿದೆ, ನಡುವಿನದನ್ನು ಕೆಳಕ್ಕಿಳಿಸಿದೆ.

ಹರಾಜಿನ ನಿಯಮಗಳೂ ಸವಾಲು ಹಾಕುವವರ ನಡೆಯನ್ನು ತಿದ್ದುತ್ತವೆ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಆಕೆನ್‌ಫೆಲ್ಸ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ತೋರಿಸಿದರು. ನಿಗದಿತ ಗಳಿಗೆಗೆ ಮುಗಿದುಬಿಡುವ ಹರಾಜಿನಲ್ಲಿ ಜನ ಕೊನೆಯ ಕ್ಷಣದವರೆಗೆ ಕಾದು ಸವಾಲು ಹಾಕುತ್ತಾರೆ. ಹೊಸ ಸವಾಲು ಬಂದಾಗ ಅವಧಿ ತಾನಾಗಿ ಮುಂದುವರಿಯುವ ಹರಾಜಿನಲ್ಲಿ ಹಾಗೆ ಕಾಯುವವರು ಕಡಿಮೆ. ಇನ್ನು ಹರಾಜಿನ ಸಿದ್ಧಾಂತಕ್ಕಾಗಿ 2020ರಲ್ಲಿ ನೊಬೆಲ್ ಪಡೆದ ಪಾಲ್ ಮಿಲ್‌ಗ್ರಾಮ್ ಮತ್ತು ರಾಬರ್ಟ್ ವಿಲ್ಸನ್ ಅವರ ಕ್ಷೇತ್ರದಲ್ಲಿ ಗೆದ್ದವನ ಶಾಪವೆಂಬ ಒಂದು ಮಾತಿದೆ. ವಸ್ತುವಿನ ನಿಜ ಮೌಲ್ಯ ಯಾರಿಗೂ ಖಚಿತವಾಗಿ ತಿಳಿಯದಿರುವಾಗ ಗೆಲ್ಲುವವನು ಎಲ್ಲರಿಗಿಂತ ಹೆಚ್ಚು ತಪ್ಪಾಗಿ ಅಂದಾಜಿಸಿದವನೇ ಆಗಿರುತ್ತಾನೆ ಎಂಬುದು ಅದರ ತಾತ್ಪರ್ಯ. ಕೈಯಲ್ಲಿ ಹಿಡಿದು ನೋಡಲಾಗದ, ಚಿತ್ರದಲ್ಲಿ ಮಾತ್ರ ಕಾಣುವ ಹಳೆಯ ಕೋವಿಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ.

ಇದರ ಮೇಲೆ ಇನ್ನೊಂದು ಮರೆಮಾಚು. ಪ್ರಕಟವಾಗುವ ಬೆಲೆಯಲ್ಲಿ ಹರಾಜು ಸಂಸ್ಥೆ ಕೊಳ್ಳುವವನಿಂದ ಪಡೆಯುವ ಕಮಿಷನ್ ಕೂಡ ಸೇರಿರುವುದುಂಟು. ಮಾರುವವನ ಕೈಗೆ ಅಷ್ಟೂ ಹಣ ಬರುವುದಿಲ್ಲ. ಬಿಕರಿಯಾಗದೆ ಉಳಿದ ವಸ್ತುಗಳು ಸುದ್ದಿಯಾಗುವುದೂ ಅಪರೂಪ. ಗೆದ್ದ ಕುದುರೆಗಳ ಪಟ್ಟಿಯನ್ನಷ್ಟೇ ನೋಡಿ ಕುದುರೆಯ ಬೆಲೆ ಕಟ್ಟಿದಂತೆ ನಮ್ಮ ಲೆಕ್ಕಾಚಾರ ಸಾಗುತ್ತದೆ.

ಏಳು ದಿನದ ಹರಾಜು, 45 ದಿನದ ಕಾಯ್ದೆ

ಈಗ ಬೆಂಗಳೂರಿನ ಪೂರ್ವ ಭಾಗಕ್ಕೆ ಬರೋಣ. ಟಿಪ್ಪುವಿನ ಪತನದ ಹತ್ತು ವರ್ಷಗಳ ನಂತರ, 1809ರಲ್ಲಿ, ಬ್ರಿಟಿಷ್ ಸೈನ್ಯ ಶ್ರೀರಂಗಪಟ್ಟಣವನ್ನು ಬಿಟ್ಟು ಹಲಸೂರಿನ ಬಳಿ ನೆಲೆಯೂರಿದ್ದರಿಂದಲೇ ದಂಡು ಪ್ರದೇಶ ಹುಟ್ಟಿತು. ಹಲಸೂರು ಕೆರೆಯ ಸುತ್ತ ಇಂದಿಗೂ ಮದ್ರಾಸ್ ಸ್ಯಾಪರ್ಸ್ ಪಡೆಯ ಕೇಂದ್ರವಿದೆ. ಸೈನಿಕರು, ಸೈನ್ಯಕ್ಕೆ ಸರಬರಾಜು ಮಾಡಿದ ವರ್ತಕರು, ಆಂಗ್ಲೋ ಇಂಡಿಯನ್ ಕುಟುಂಬಗಳು, ಬೇಟೆಯ ಹವ್ಯಾಸವಿದ್ದ ಅಧಿಕಾರಿಗಳು ಬಾಳಿದ ಈ ಭಾಗದ ಹಳೆಯ ಮನೆಗಳಲ್ಲಿ ಜೋಡುನಳಿಗೆಯ ತೋಟಾ ಕೋವಿ, ಕೇಪಿನ ಕೋವಿಗಳಿರುವುದು ಅಚ್ಚರಿಯ ಸಂಗತಿಯಲ್ಲ. ಕೃಷ್ಣರಾಜಪುರದಂಥ ಕಡೆ, ಊರು ಹಳ್ಳಿಯಾಗಿದ್ದಾಗ ಬೆಳೆ ಕಾಯಲು ಪಡೆದ ಕೋವಿಗಳು ಬೆಳೆಯೇ ಇಲ್ಲದ ಕಾಲಕ್ಕೂ ಉಳಿದಿರಬಹುದು.

ಆದರೆ ಭಾರತದಲ್ಲಿ ಬಂದೂಕಿಗೆ ಅಂತರ್ಜಾಲದ ಹರಾಜು ಎಂಬುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿದ್ದ ವ್ಯಕ್ತಿ ತನ್ನ ಕೋವಿಯನ್ನು ಮಾರಬೇಕಾದರೆ, ಕೊಳ್ಳುವವನ ಹೆಸರು ವಿಳಾಸ ಸಹಿತ ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸಿ ಕನಿಷ್ಠ 45 ದಿನ ಕಾಯಬೇಕು. ಕೊಳ್ಳುವವನಿಗೂ ಪರವಾನಗಿ ಇರಬೇಕು. ಬೆಂಗಳೂರು ನಗರದಲ್ಲಿ ಅದನ್ನು ಕೊಡುವವರು ಪೊಲೀಸ್ ಕಮಿಷನರ್. ಏಳು ದಿನದಲ್ಲಿ ಅಪರಿಚಿತರ ನಡುವೆ ಮುಗಿಯುವ ಹರಾಜಿಗೂ, ಹೆಸರು ತಿಳಿಸಿ 45 ದಿನ ಕಾಯುವ ಈ ವಿಧಾನಕ್ಕೂ ಹೊಂದಾಣಿಕೆ ಸಾಧ್ಯವಿಲ್ಲ. ಈ ಬೇಲಿ ಅಗತ್ಯವಾದದ್ದೇ. ಅಕ್ರಮವಾಗಿ ಬಂದೂಕು ಮಾರುವವರಿಗೆ 2019ರ ತಿದ್ದುಪಡಿಯ ಬಳಿಕ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ವಿಧಿಸಬಹುದು. ಸಾಮಾಜಿಕ ಜಾಲತಾಣದಲ್ಲಿ ಚಿತ್ರ ಹಾಕಿ ಗಿರಾಕಿ ಹುಡುಕುವವರು ಇದನ್ನು ನೆನಪಿಡಬೇಕು.

ಇಂಥ ಮುಚ್ಚಿದ ಮಾರುಕಟ್ಟೆಯಲ್ಲಿ ಬೆಲೆ ಹೇಗೆ ಹುಟ್ಟುತ್ತದೆ? 1980ರ ದಶಕದ ಮಧ್ಯಭಾಗದಿಂದ ಖಾಸಗಿ ವ್ಯಕ್ತಿಗಳು ವಿದೇಶಿ ಬಂದೂಕು ತರಿಸಿಕೊಳ್ಳುವುದಕ್ಕೆ ಹೆಚ್ಚುಕಡಿಮೆ ಬಾಗಿಲು ಮುಚ್ಚಿತು. ಅದಕ್ಕೂ ಮೊದಲು ಬಂದ ವೆಬ್ಲಿ, ಕೋಲ್ಟ್, ವಾಲ್ಥರ್ ಪಿಸ್ತೂಲು ರಿವಾಲ್ವರುಗಳ ಸಂಖ್ಯೆ ಅಲ್ಲಿಗೇ ನಿಂತಿತು. ಪರವಾನಗಿ ಪಡೆದ ಶ್ರೀಮಂತರ ಸಂಖ್ಯೆ ಮಾತ್ರ ಬೆಳೆಯಿತು. ಹೊರದೇಶದ ಹರಾಜಿನಲ್ಲಿ ಕೆಲವು ನೂರು ಡಾಲರಿಗೆ ಸಿಗಬಹುದಾದ ಬಳಸಿದ ಪಿಸ್ತೂಲಿಗೆ ಇಲ್ಲಿ ಹಲವು ಲಕ್ಷ ರೂಪಾಯಿ ಬೆಲೆ ಬಂದದ್ದು ಹೀಗೆ. ಅದು ಕಲೆಗೆ ಅಥವಾ ಚರಿತ್ರೆಗೆ ಸಂದ ಬೆಲೆಯಲ್ಲ. ಆಮದು ನಿರ್ಬಂಧದ ಬೆಲೆ. 2016ರ ಶಸ್ತ್ರಾಸ್ತ್ರ ನಿಯಮಗಳ ನಂತರ ಖಾಸಗಿ ಕಂಪನಿಗಳಿಗೆ ತಯಾರಿಕೆಯ ಅವಕಾಶ ವಿಸ್ತಾರಗೊಂಡಿದ್ದು, ವೆಬ್ಲಿ ಹೆಸರಿನ ರಿವಾಲ್ವರುಗಳೇ ಉತ್ತರ ಪ್ರದೇಶದಲ್ಲಿ ತಯಾರಾಗುತ್ತಿವೆ. ನಿರ್ಬಂಧದಿಂದ ಹುಟ್ಟಿದ ಬೆಲೆ ನಿರ್ಬಂಧ ಸಡಿಲವಾದಾಗ ಕುಸಿಯುತ್ತದೆಂಬುದನ್ನು ಹೂಡಿಕೆಯ ಭ್ರಮೆಯಲ್ಲಿ ಕೊಂಡವರು ಮರೆಯಬಾರದು.

2019ರ ಡಿಸೆಂಬರಿನ ತಿದ್ದುಪಡಿ ಇನ್ನೊಂದು ದಿಕ್ಕಿನಿಂದ ಪೆಟ್ಟು ಕೊಟ್ಟಿತು. ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿ ಮೂರರಿಂದ ಎರಡಕ್ಕಿಳಿಯಿತು. ಮೂರನೆಯದನ್ನು ಒಂದು ವರ್ಷದೊಳಗೆ ಠಾಣೆಗೋ ಪರವಾನಗಿಯುಳ್ಳ ವ್ಯಾಪಾರಿಗೋ ಒಪ್ಪಿಸಬೇಕಾಯಿತು. ಪಿತ್ರಾರ್ಜಿತವಾಗಿ ಬಂದವುಗಳಿಗೂ ಇದೇ ಮಿತಿ. ಮೂರರಲ್ಲಿ ಯಾವುದನ್ನು ಬಿಡಬೇಕೆಂದಾಗ ಬಹುತೇಕರು ಬಿಡುವುದು ಯಾವುದನ್ನು? ಉಪಯೋಗಕ್ಕೆ ಬರುವ ಪಿಸ್ತೂಲನ್ನಲ್ಲ, ಮುತ್ತಜ್ಜನ ಕಾಲದ ಭಾರವಾದ ಹಳೆಯ ಕೋವಿಯನ್ನು. ಚರಿತ್ರೆಯ ದೃಷ್ಟಿಯಿಂದ ಮೊದಲು ಉಳಿಯಬೇಕಾದದ್ದು ಮೊದಲು ಹೊರನಡೆಯುವಂತೆ ಕಾಯ್ದೆ ಅರಿಯದೆಯೇ ಪ್ರೇರಣೆ ನೀಡಿತು.

ಕೆಟ್ಟರೆ ವಿನಾಯಿತಿ, ಸುಸ್ಥಿತಿಯಲ್ಲಿದ್ದರೆ ಅಪರಾಧ

ಹಾಗಾದರೆ ನೂರಿನ್ನೂರು ವರ್ಷದ ಕೋವಿಗೆ ಕಾಯ್ದೆಯಲ್ಲಿ ಪ್ರತ್ಯೇಕ ಸ್ಥಾನವಿಲ್ಲವೇ? ಇದೆ. ಕಾಯ್ದೆಯ 45ನೇ ಕಲಂ ಬಳಕೆ ತಪ್ಪಿದ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಗಳಿಗೆ ವಿನಾಯಿತಿ ನೀಡುತ್ತದೆ. ಆದರೆ ಅದಕ್ಕೊಂದು ಷರತ್ತು: ದುರಸ್ತಿ ಮಾಡಿದರೂ ಅದು ಬಂದೂಕಾಗಿ ಬಳಕೆಗೆ ಬರುವಂತಿರಬಾರದು. ಸಂಗ್ರಾಹಕನಿಗೆ ಬೇಕಾದದ್ದು ಮೂಲ ಬೀಗ, ಮೂಲ ಕುದುರೆ, ಕೊರೆಯದ ನಳಿಗೆ. ಕಾಯ್ದೆ ವಿನಾಯಿತಿ ಕೊಡುವುದು ಇವೆಲ್ಲ ಹಾಳಾದದ್ದಕ್ಕೆ. ಕುಟುಂಬವೊಂದು ನಿಷ್ಠೆಯಿಂದ ಎಣ್ಣೆ ಹಚ್ಚಿ ಕಾಪಾಡಿದ ಕೋವಿ ಪರವಾನಗಿಯಿಲ್ಲದಿದ್ದರೆ ಅಕ್ರಮ ಆಯುಧವೆನಿಸುತ್ತದೆ; ತುಕ್ಕು ಹಿಡಿಸಿ ಕೆಡಿಸಿದ್ದು ಪುರಾತನ ವಸ್ತುವಾಗುತ್ತದೆ. ಕಾನೂನಿಗೆ ಹೆದರಿ ನಳಿಗೆ ಕೊರೆಸಿ, ಬೀಗ ಕಿತ್ತಿಡುವವರು ಅದರ ಮೌಲ್ಯವನ್ನೂ ಅಂದೇ ಕಿತ್ತಿಡುತ್ತಾರೆ.

ಎರಡನೆಯ ಗೋಡೆ 1972ರ ಪುರಾತನ ವಸ್ತುಗಳ ಕಾಯ್ದೆ. ನೂರು ವರ್ಷ ದಾಟಿದ ಪುರಾತನ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಕ್ಕೆ ಸಾಗಿಸುವಂತಿಲ್ಲ. ಅವುಗಳ ವ್ಯಾಪಾರಕ್ಕೂ ಪರವಾನಗಿ ಬೇಕು. ಈ ನಿಷೇಧ ಸಾಧುವಾದದ್ದೇ. ಇಲ್ಲದಿದ್ದರೆ ಉಳಿದದ್ದೂ ಹಡಗೇರುತ್ತಿತ್ತು. ಆದರೆ ಇದರ ಅರ್ಥವನ್ನು ಅರಿಯಬೇಕು. ಸದಬೀಸ್‌ನಲ್ಲಿ ಮಾರಾಟವಾದ ಪಿಸ್ತೂಲಿಗೆ ಲೋಕದ ಎಲ್ಲ ಶ್ರೀಮಂತರೂ ಗಿರಾಕಿಗಳು. ಅಂಥದೇ ಪಿಸ್ತೂಲು ಹಲಸೂರಿನ ಮನೆಯೊಂದರಲ್ಲಿ ಸಿಕ್ಕಿತೆಂದುಕೊಂಡರೆ ಅದನ್ನು ಕೊಳ್ಳಬಲ್ಲವರು ದೇಶದೊಳಗಿನ, ಪರವಾನಗಿಯುಳ್ಳ, ಎರಡರ ಮಿತಿ ಮೀರದ ಕೆಲವೇ ಮಂದಿ. ಲಂಡನ್ನಿನ ಬೆಲೆಯನ್ನು ರೂಪಾಯಿಗೆ ಪರಿವರ್ತಿಸಿದ ಮಾತ್ರಕ್ಕೆ ಅದು ಇಲ್ಲಿನ ಬೆಲೆಯಾಗುವುದಿಲ್ಲ.

ಈ ಅಂತರವೇ ಮೋಸಗಾರರಿಗೆ ಮೇವು. ಹುಲಿ ಪಟ್ಟೆ ಕೊರೆದ ಹೊಸ ಕೋವಿ ಟಿಪ್ಪುವಿನದೆಂದು, ಊರ ಕಮ್ಮಾರ ಮಾಡಿದ ಕೇಪಿನ ಕೋವಿ ಅರಮನೆಯದೆಂದು ಕೈಬದಲಾಗಲು ಲಂಡನ್ನಿನ ಸುದ್ದಿಯೊಂದೇ ಸಾಕು. ಕೊಂಡವನು ದೂರು ಕೊಡಲಾರ. ಕೊಟ್ಟರೆ ತಾನೇ ಅಪರಾಧಿ.

ಯಾರು ಕಳೆದುಕೊಳ್ಳುತ್ತಿದ್ದಾರೆ?

ಇದು ಕೆಲವು ಹವ್ಯಾಸಿಗಳ ಅಳಲೆಂದು ತಳ್ಳಿಹಾಕುವಂತಿಲ್ಲ. ಹೊರದೇಶದಲ್ಲಿರುವುದು ಹಣವಂತರ ಪಾಲಾಗುತ್ತಿದೆ. 1799ರ ಲೂಟಿಗೆ 1970ರ ಯುನೆಸ್ಕೊ ಒಪ್ಪಂದ ಹಿಂದಿನಿಂದ ಅನ್ವಯವಾಗುವುದಿಲ್ಲವಾದ್ದರಿಂದ ಅದನ್ನು ಕಾನೂನಿನ ಬಲದಿಂದ ಮರಳಿ ಪಡೆಯುವುದು ಕಷ್ಟ. ಹಣದ ಬಲದಿಂದ ತರುವುದೂ ಸ್ಥಿರವಲ್ಲ. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ 2003ರಲ್ಲಿ ಲಂಡನ್ನಿನಲ್ಲಿ ಟಿಪ್ಪು ಖಡ್ಗವೊಂದನ್ನು ಕೊಂಡಾಗ ನಾಡು ಸಂಭ್ರಮಿಸಿತ್ತು. ಆ ಖಡ್ಗವನ್ನು ಅವರು 2016ರಲ್ಲೇ ಬೇರೆಯವರಿಗೆ ಕೊಟ್ಟುಬಿಟ್ಟರೆಂಬ ಮಾತು 2018ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ಕೇಳಿಬಂತು. ಖಾಸಗಿ ಒಡೆತನ ಎಷ್ಟೇ ದೇಶಾಭಿಮಾನದ್ದಾದರೂ ಸಾರ್ವಜನಿಕ ಒಡೆತನಕ್ಕೆ ಸಮವಲ್ಲ.

ಆದ್ದರಿಂದ ಇಲ್ಲಿ ಉಳಿದಿರುವುದನ್ನು ಕಾಪಾಡುವುದೇ ವಿವೇಕ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ದೊರೆತು ಪುರಾತತ್ವ ಇಲಾಖೆಯ ಕೈಸೇರಿದವು. ಬಾವಿಯಲ್ಲಿದ್ದದ್ದು ಉಳಿಯಿತು, ಮನೆಗಳಲ್ಲಿ, ಠಾಣೆಗಳ ಕೋಣೆಯಲ್ಲಿ, ಬಂದೂಕು ವ್ಯಾಪಾರಿಗಳ ಉಗ್ರಾಣದಲ್ಲಿ ಇರುವುದರ ಗತಿಯೇನು? ಪರವಾನಗಿದಾರ ತೀರಿಕೊಂಡಾಗ ವಾರಸುದಾರರು ಕೋವಿಯನ್ನು ಠೇವಣಿ ಇಡುತ್ತಾರೆ. ಮಕ್ಕಳು ವಿದೇಶದಲ್ಲಿರುತ್ತಾರೆ, ಮನೆ ಅಪಾರ್ಟ್‌ಮೆಂಟಾಗುತ್ತದೆ, ಕೋವಿಯನ್ನು ಕೇಳುವವರಿರುವುದಿಲ್ಲ. ಅವಧಿ ಮೀರಿದ ಮೇಲೆ ಅದು ಸರ್ಕಾರದ ವಶವಾಗುತ್ತದೆ. ಅಲ್ಲಿ ಅದನ್ನು ಆಯುಧವೆಂದು ನೋಡುವ ಕಣ್ಣಿದೆ, ಚರಿತ್ರೆಯ ಸಾಕ್ಷಿಯೆಂದು ನೋಡುವ ಕಣ್ಣಿಲ್ಲ.

ಪರಿಹಾರ ದುಬಾರಿಯಾದದ್ದೇನೂ ಅಲ್ಲ. ಠೇವಣಿಯಾದ, ಒಪ್ಪಿಸಲಾದ ಕೋವಿಗಳನ್ನು ವಿಲೇವಾರಿ ಮಾಡುವ ಮುನ್ನ ರಾಜ್ಯ ಪುರಾತತ್ವ ಇಲಾಖೆಯ ತಜ್ಞರೊಬ್ಬರು ಪರಿಶೀಲಿಸುವ ಕ್ರಮವನ್ನು ಪೊಲೀಸ್ ಇಲಾಖೆ ರೂಢಿಗೆ ತರಬಹುದು. ನಳಿಗೆಯ ಮೇಲಿನ ಬರಹ, ತಯಾರಕನ ಮುದ್ರೆ, ಕುಟುಂಬದ ಹೇಳಿಕೆ, ನಾಲ್ಕು ಚಿತ್ರ ಇಷ್ಟನ್ನು ದಾಖಲಿಸಿದರೂ ಸಾಕು. ಪುರಾತನ ಕೋವಿಗೆ, ಅದನ್ನು ಕೆಡಿಸದೆಯೇ, ಮದ್ದುಗುಂಡು ಇಟ್ಟುಕೊಳ್ಳಬಾರದೆಂಬ ಷರತ್ತಿನೊಡನೆ ಪ್ರಮಾಣಪತ್ರ ನೀಡುವ ಸ್ಪಷ್ಟ ವಿಧಾನವನ್ನು ಕೇಂದ್ರ ಗೃಹ ಸಚಿವಾಲಯ ರೂಪಿಸಬೇಕು. ಮಾರಲು ಬಯಸುವ ಕುಟುಂಬದಿಂದ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ನ್ಯಾಯವಾದ ಬೆಲೆಗೆ ಕೊಳ್ಳುವಂತೆ ಚಿಕ್ಕದೊಂದು ನಿಧಿಯಿದ್ದರೆ ದೇಶದೊಳಗೆ ಒಬ್ಬ ಪ್ರಾಮಾಣಿಕ ಗಿರಾಕಿಯಾದರೂ ಇದ್ದಂತಾಗುತ್ತದೆ. ಹರಾಜಿನ ಪಾಠವೂ ಅದೇ ಅಲ್ಲವೇ? ಎರಡನೆಯ ಸವಾಲುಗಾರನಿಲ್ಲದೆ ಯಾವ ವಸ್ತುವಿಗೂ ಬೆಲೆ ಬರುವುದಿಲ್ಲ.

ಮನೆಯಲ್ಲಿ ಹಳೆಯ ಕೋವಿ ಇರುವವರು ಅಲ್ಲಿಯವರೆಗೆ ಮಾಡಬಹುದಾದದ್ದಿಷ್ಟು: ಪರವಾನಗಿಯ ಸ್ಥಿತಿಯನ್ನು ಮೊದಲು ಸರಿಪಡಿಸಿಕೊಳ್ಳುವುದು, ಕೋವಿಯನ್ನು ಉಜ್ಜಿ ಹೊಳಪಿಸದಿರುವುದು, ಯಾವಾಗ, ಯಾರಿಂದ, ಹೇಗೆ ಬಂತೆಂಬುದನ್ನು ಹಿರಿಯರು ಇರುವಾಗಲೇ ಬರೆದಿಡುವುದು. ಲಂಡನ್ನಿನ ಹರಾಜು ಕಟ್ಟೆಯಲ್ಲಿ ಹನ್ನೆರಡು ಪಟ್ಟು ಬೆಲೆ ತಂದದ್ದು ಬೆಳ್ಳಿಯ ತೂಕವಲ್ಲ, ಅಂಥ ಬರವಣಿಗೆಯೇ. ಅದನ್ನು ಮಾಡಲು ಕಮಿಷನರ್ ಕಚೇರಿಯ ಅನುಮತಿಯೂ ಬೇಕಿಲ್ಲ, ಹರಾಜು ಸಂಸ್ಥೆಯ ಕಮಿಷನ್ನೂ ಇಲ್ಲ.